ಬೊಜ್ಜು, ಬಿಪಿ ಮತ್ತು ಮಿದುಳಿನ ಉರಿಯೂತ: ಗಿಡಮೂಲಿಕೆ ಕ್ಯಾಪ್ಸೂಲ್ ನಂಬಿ ಮಾತ್ರೆ ಬಿಡಬಹುದೇ?

ಪ್ರಶ್ನೆ: ನನಗೆ 48 ವರ್ಷ. ಎತ್ತರ 168 ಸೆಂಟಿಮೀಟರ್, ತೂಕ 96 ಕಿಲೋ. ಎರಡು ವರ್ಷದಿಂದ ಬಿಪಿ ಇದೆ. ದಿನಾ ಬೆಳಿಗ್ಗೆ ಟೆಲ್ಮಿಸಾರ್ಟನ್ 40 ಮಿಲಿಗ್ರಾಂ ಮಾತ್ರೆ ತೆಗೆದುಕೊಳ್ಳುತ್ತೇನೆ. ಆದರೂ ಬಿಪಿ 148/94ರ ಆಸುಪಾಸಿನಲ್ಲೇ ನಿಂತಿದೆ. ಬೊಜ್ಜಿನಿಂದ ಮಿದುಳಿನಲ್ಲಿ ಉರಿಯೂತ ಆಗುತ್ತದೆ, ಬಿಪಿ ಏರುವುದು ಅದರಿಂದಲೇ ಎಂದು ಈಚೆಗೆ ಓದಿದೆ. ಆ ಉರಿಯೂತ ಇಳಿಸುವ ಗಿಡಮೂಲಿಕೆ ಕ್ಯಾಪ್ಸೂಲ್ ಎಂದು ಗೆಳೆಯರೊಬ್ಬರು ಒಂದು ಡಬ್ಬಿ ಕೊಟ್ಟಿದ್ದಾರೆ. ಅದರ ಮೇಲೆ ಕರ್ಕ್ಯುಮಿನ್ 500 ಮಿಲಿಗ್ರಾಂ, ಕರಿಮೆಣಸಿನ ಸಾರ 5 ಮಿಲಿಗ್ರಾಂ, ಬ್ರಾಹ್ಮಿ ಮತ್ತು ಜೇಷ್ಠಮಧುವಿನ ಸಾರ ಎಂದು ಬರೆದಿದೆ. ಇದನ್ನು ತಗೊಂಡು ಮಾತ್ರೆ ಬಿಡಬಹುದೇ? ಇನ್ನೊಂದು ವಿಷಯ. ಇತ್ತೀಚೆಗೆ ಹೆಸರುಗಳು ಥಟ್ಟನೆ ನೆನಪಿಗೆ ಬರುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ತಲೆ ಮಂಕಾಗಿರುತ್ತದೆ. ಇದೂ ಮಿದುಳಿನ ಉರಿಯೂತವೇ?

ಉತ್ತರ: ಮಾತ್ರೆ ಬಿಡಬೇಡಿ. ಮುಂದಿನದ್ದನ್ನು ನಿಧಾನವಾಗಿ ಓದಿದರೂ ಆದೀತು, ಇದನ್ನು ಮಾತ್ರ ಇವತ್ತೇ ನಡೆಸಿ. ಆ ಕ್ಯಾಪ್ಸೂಲನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದರೊಳಗಿನ ನಾಲ್ಕು ಪದಾರ್ಥಗಳಲ್ಲಿ ಒಂದು ಬಿಪಿಯನ್ನು ಏರಿಸುವಂಥದ್ದು. ಯಾವುದು, ಹೇಗೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ನೀವು ಓದಿದ ವಿಷಯಕ್ಕೆ ಬರೋಣ. ಅದರಲ್ಲಿ ನಿಜ ಸಾಕಷ್ಟಿದೆ.

ಬೊಜ್ಜಿಗೂ ಬಿಪಿಗೂ ಇರುವ ನಂಟು ವೈದ್ಯರಿಗೆ ಹಳೆಯದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ ಒಂದು ಅಧ್ಯಯನ ಶುರುವಾಯಿತು. ಊರಿನ ಜನರ ಹೃದಯದ ಆರೋಗ್ಯವನ್ನು ದಶಕಗಳ ಕಾಲ ಗಮನಿಸುತ್ತಾ ಹೋದ ಅಧ್ಯಯನ ಅದು. ಬೇರೆ ಯಾವ ಕಾಯಿಲೆಯೂ ಕಾರಣವಲ್ಲದ ಸಾಮಾನ್ಯ ಬಿಪಿಯಲ್ಲಿ ಗಂಡಸರಲ್ಲಿ ಸುಮಾರು ಶೇಕಡಾ 78, ಹೆಂಗಸರಲ್ಲಿ ಸುಮಾರು ಶೇಕಡಾ 65ರಷ್ಟಕ್ಕೆ ಜಾಸ್ತಿ ತೂಕವೇ ಕಾರಣ ಅಂತ ಅಲ್ಲಿನ ಲೆಕ್ಕ ತೋರಿಸಿತು.

ತೂಕ ಬಿಪಿಯನ್ನು ಏರಿಸುವುದು ಒಂದೇ ದಾರಿಯಲ್ಲಿ ಅಲ್ಲ. ಹೊಟ್ಟೆಯೊಳಗಿನ ಕೊಬ್ಬು ಕಿಡ್ನಿಯನ್ನು ಸುತ್ತಲಿಂದ ಅಮುಕುತ್ತದೆ. ಅಮುಕಿಸಿಕೊಂಡ ಕಿಡ್ನಿ ಉಪ್ಪನ್ನು ಸರಿಯಾಗಿ ಹೊರಗೆ ಹಾಕುವುದಿಲ್ಲ. ಉಪ್ಪು ಉಳಿದರೆ ಅದರ ಜೊತೆ ನೀರೂ ಉಳಿಯುತ್ತದೆ. ಇದು ಒಂದು. ಕೊಬ್ಬಿನ ಕೋಶಗಳು ಸುಮ್ನೆ ಕೂತಿರುವುದಿಲ್ಲ, ನಾನಾ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಿರುತ್ತವೆ. ಅದರಲ್ಲಿ ಆಂಜಿಯೋಟೆನ್ಸಿನೋಜೆನ್ ಅನ್ನುವುದೂ ಸೇರಿದೆ. ಅದರಿಂದ ಹುಟ್ಟುವ ಆಂಜಿಯೋಟೆನ್ಸಿನ್ 2 ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ನೀವು ದಿನಾ ನುಂಗುವ ಟೆಲ್ಮಿಸಾರ್ಟನ್ ತಡೆಯುವುದು ಇದೇ ವಸ್ತುವಿನ ಕೆಲಸವನ್ನು. ಅಂದರೆ ನಿಮ್ಮ ವೈದ್ಯರು ಕೊಟ್ಟಿರುವ ಮಾತ್ರೆ ಬೊಜ್ಜಿನ ಬಿಪಿಗೆ ಸರಿಯಾಗಿಯೇ ಹೊಂದುತ್ತದೆ.

ಇನ್ನೊಂದು ದಾರಿ ಮಿದುಳಿನ ಮೂಲಕ ಹಾದುಹೋಗುತ್ತದೆ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ 1994ರಲ್ಲಿ ಲೆಪ್ಟಿನ್ ಎಂಬ ಹಾರ್ಮೋನನ್ನು ಪತ್ತೆ ಮಾಡಿತು. ಕೊಬ್ಬು ಜಾಸ್ತಿ ಆದಷ್ಟೂ ಲೆಪ್ಟಿನ್ ಜಾಸ್ತಿ. 'ಇಲ್ಲಿ ಸಾಕಷ್ಟು ಸಂಗ್ರಹ ಇದೆ, ಊಟ ಸಾಕು' ಅಂತ ಮಿದುಳಿಗೆ ತಿಳಿಸುವುದು ಅದರ ಕೆಲಸ. ಬೊಜ್ಜು ಬಂದವರಲ್ಲಿ ಹಸಿವಿನ ವಿಷಯಕ್ಕೆ ಮಿದುಳು ಈ ಸಂದೇಶವನ್ನು ಕೇಳಿಸಿಕೊಳ್ಳುವುದು ಕಡಿಮೆ ಮಾಡುತ್ತದೆ. ಆದರೆ ಅದೇ ಲೆಪ್ಟಿನ್ ಹೃದಯಕ್ಕೆ, ಕಿಡ್ನಿಗೆ ಹೋಗುವ ನರಗಳನ್ನು ಚುರುಕು ಮಾಡುವುದು ನಿಲ್ಲುವುದಿಲ್ಲ. ಹಸಿವು ಇಳಿಯದು, ಬಿಪಿ ಮಾತ್ರ ಏರುತ್ತದೆ.

ಇದಕ್ಕೆ ಗಟ್ಟಿ ಸಾಕ್ಷಿ ಬಂದದ್ದು ಬಹಳ ಅಪರೂಪದ ಕೆಲವರಿಂದ. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಜನ ಇದ್ದಾರೆ. ಅವರ ತೂಕ ವಿಪರೀತ ಇರುತ್ತದೆ. ಅಷ್ಟು ತೂಕಕ್ಕೆ ಬಿಪಿ ಮೇಲಿರಬೇಕು, ಅಲ್ವಾ? ಇರುವುದಿಲ್ಲ, ಕಡಿಮೆಯೇ ಇರುತ್ತದೆ. 2014ರಲ್ಲಿ ಇದು ಪ್ರಕಟವಾದಾಗ ಹಲವರ ಅನುಮಾನ ಹೋಯಿತು. ತೂಕದ ಭಾರವೊಂದೇ ಬಿಪಿ ಏರಿಸುವುದಾಗಿದ್ದರೆ ಹೀಗೆ ಆಗಲು ಸಾಧ್ಯವಿರಲಿಲ್ಲ.

ಇನ್ನು ಉರಿಯೂತ, ಅಂದರೆ ಮೈಯ ಕಾವಲು ಕೋಶಗಳು ಕೆರಳುವುದು. ಮಿದುಳಿನ ತಳದಲ್ಲಿ ಹೈಪೋಥಲಾಮಸ್ ಎಂಬ ಪುಟ್ಟ ಭಾಗ ಇದೆ. ಹಸಿವು, ಬಾಯಾರಿಕೆ, ಮೈಬಿಸಿ, ಬಿಪಿ ಎಲ್ಲದರ ಮೇಲೂ ಅದಕ್ಕೆ ಹಿಡಿತ ಇದೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳಿಗೆ ಕೊಬ್ಬು ತುಂಬಿದ ಆಹಾರ ಕೊಟ್ಟು ಆ ಭಾಗವನ್ನು ಪರೀಕ್ಷಿಸಿದರು. ಒಂದರಿಂದ ಮೂರು ದಿನದೊಳಗೇ ಅಲ್ಲಿ ಉರಿಯೂತದ ಗುರುತು ಕಾಣಿಸಿತು. ತೂಕ ಆಗಿನ್ನೂ ಹೇಳಿಕೊಳ್ಳುವಷ್ಟು ಏರಿರಲಿಲ್ಲ. ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾಗಳು ಕೆರಳಿದ್ದವು. ಬೊಜ್ಜು ಇರುವ ಮನುಷ್ಯರ ಎಂಆರ್‌ಐ ಚಿತ್ರಗಳಲ್ಲೂ ಅದೇ ಜಾಗದಲ್ಲಿ ಗಾಯದ ಕಲೆಯಂಥ ಬದಲಾವಣೆ ಕಂಡಿತು. ಇದು 2012ರ ಮಾತು.

ಅದಕ್ಕೆ ಒಂದು ವರ್ಷ ಮೊದಲು, 2011ರಲ್ಲಿ, ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ತಂಡವೊಂದು ಇಲಿಗಳ ಹೈಪೋಥಲಾಮಸ್‌ನಲ್ಲಿ ಉರಿಯೂತದ ಸ್ವಿಚ್ಚನ್ನೇ ಒತ್ತಿ ನೋಡಿತ್ತು. ಆ ಸ್ವಿಚ್ಚಿನ ಹೆಸರು ಎನ್‌ಎಫ್ ಕಪ್ಪಾ ಬಿ. ಅದನ್ನು ಚಾಲೂ ಮಾಡಿದರೆ ದಪ್ಪ ಆಗದ ಇಲಿಗೂ ಬಿಪಿ ಏರಿತು. ಆರಿಸಿದರೆ ದಪ್ಪ ಇಲಿಯ ಬಿಪಿ ಇಳಿಯಿತು, ತೂಕ ಹಾಗೇ ಇದ್ದರೂ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಆಗಿರುವ ಅತ್ಯಂತ ಸುಂದರ ಪ್ರಯೋಗಗಳಲ್ಲಿ ಇದೊಂದು. ನೀವು ಓದಿದ 'ಬೊಜ್ಜಿನ ಬಿಪಿಗೆ ಮಿದುಳಿನ ಉರಿಯೂತ ಕಾರಣ' ಎಂಬ ಮಾತಿನ ಬೇರು ಇಂಥ ಪ್ರಯೋಗಗಳಲ್ಲಿದೆ.

ಆದರೆ ಗಮನಿಸಿ. ಆ ಸ್ವಿಚ್ ಆರಿಸಿದ್ದು ಗಿಡಮೂಲಿಕೆಯಿಂದ ಅಲ್ಲ. ಜೀನ್ ತಂತ್ರ ಬಳಸಿ, ಮಿದುಳಿನ ಸಾಸಿವೆಯಷ್ಟು ಜಾಗಕ್ಕೆ ಗುರಿಯಿಟ್ಟು ಮಾಡಿದ ಕೆಲಸ ಅದು. ಹೊಟ್ಟೆಗೆ ನುಂಗಿದ ಒಂದು ಕ್ಯಾಪ್ಸೂಲ್ ಕರುಳು ದಾಟಿ, ಲಿವರ್ ದಾಟಿ, ರಕ್ತಕ್ಕೆ ಸೇರಿ, ರಕ್ತದಿಂದ ಮಿದುಳಿಗೆ ಇರುವ ತಡೆಗೋಡೆಯನ್ನೂ ದಾಟಿ ಅದೇ ಕೆಲಸ ಮಾಡುತ್ತದಾ? ನಿಮ್ಮ ಪ್ರಶ್ನೆ ನಿಂತಿರುವುದು ಇಲ್ಲಿ.

ಗಿಡಗಳ ಬಗ್ಗೆ ನನಗೆ ತಾತ್ಸಾರ ಇಲ್ಲ. ಬಿಪಿಗೆ ಬಂದ ಮೊದಮೊದಲ ಒಳ್ಳೆಯ ಔಷಧಗಳಲ್ಲಿ ಒಂದು ಗಿಡದಿಂದಲೇ ಬಂತು, ಅದೂ ನರಗಳ ದಾರಿಯಲ್ಲೇ ಕೆಲಸ ಮಾಡುತ್ತಿತ್ತು. ಸರ್ಪಗಂಧ ಗೊತ್ತಲ್ಲ, ಅದರ ಬೇರು. ಮುಂಬಯಿಯ ಹೃದಯ ತಜ್ಞ ರುಸ್ತಮ್ ಜಾಲ್ ವಕೀಲ್ ಅವರು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಸರ್ಪಗಂಧದಿಂದ ಬಿಪಿ ಇಳಿದ ರೋಗಿಗಳ ವಿವರ ಪ್ರಕಟಿಸಿದರು. ಅದನ್ನು ಓದಿ ಜಗತ್ತು ಎದ್ದು ಕೂತಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಆ ಬೇರಿನಿಂದ ರೆಸರ್ಪಿನ್ ಎಂಬ ವಸ್ತುವನ್ನು ಬೇರೆ ಮಾಡಿ ತೆಗೆದರು. ನರಗಳ ತುದಿಯಲ್ಲಿ ಸಂಗ್ರಹ ಆಗಿರುವ, ರಕ್ತನಾಳ ಬಿಗಿಯುವ ರಾಸಾಯನಿಕವನ್ನು ರೆಸರ್ಪಿನ್ ಖಾಲಿ ಮಾಡುತ್ತದೆ. ಬಿಪಿ ಇಳಿಯುತ್ತದೆ. ವಕೀಲ್ ಅವರಿಗೆ 1957ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಬಂತು.

ಇದರ ಮುಂದಿನ ಭಾಗವನ್ನು ಡಬ್ಬಿ ಮಾರುವವರು ಹೇಳುವುದಿಲ್ಲ. ರೆಸರ್ಪಿನ್ ಪ್ರಮಾಣ ಜಾಸ್ತಿ ಆದಾಗ ಕೆಲವರಿಗೆ ಮೂಗು ಕಟ್ಟಿತು, ಕೆಲವರಿಗೆ ಮಂಕು ಕವಿಯಿತು, ಖಿನ್ನತೆಯ ವರದಿಗಳೂ ಬಂದವು. ಕೊನೆಗೆ ದಿನಕ್ಕೆ ಒಂದು ಮಿಲಿಗ್ರಾಮಿನ ಕಾಲು ಭಾಗ ಅಥವಾ ಅದಕ್ಕೂ ಕಡಿಮೆ ಸಾಕು ಎಂಬಲ್ಲಿಗೆ ಬಂದು ನಿಂತಿತು. ಗಿಡ ನಿಜವಾಗಿ ಕೆಲಸ ಮಾಡುವುದಾದರೆ ಅದಕ್ಕೆ ಅಳತೆ ಬೇಕು, ಅಡ್ಡ ಪರಿಣಾಮದ ಲೆಕ್ಕ ಬೇಕು, ಮನುಷ್ಯರಲ್ಲಿ ಬಿಪಿ ಅಳೆದು ನೋಡಿರಬೇಕು. ನಿಮ್ಮ ಡಬ್ಬಿಯನ್ನು ನಾನು ಇದೇ ಕಣ್ಣಿನಿಂದ ನೋಡುತ್ತೇನೆ.

ಮೊದಲು ಕರ್ಕ್ಯುಮಿನ್. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ವಸ್ತು ಇದು. ಅರಿಶಿನದ ಪುಡಿಯ ತೂಕದಲ್ಲಿ ನೂರಕ್ಕೆ ಸುಮಾರು ಮೂರು ಪಾಲು ಇದು ಇರುತ್ತದೆ. ಗಾಜಿನ ತಟ್ಟೆಯಲ್ಲಿ ಮೈಕ್ರೋಗ್ಲಿಯಾ ಬೆಳೆಸಿ ಅದರ ಮೇಲೆ ಕರ್ಕ್ಯುಮಿನ್ ಹಾಕಿದರೆ ಉರಿಯೂತದ ಗುರುತುಗಳು ಇಳಿಯುತ್ತವೆ. ಎನ್‌ಎಫ್ ಕಪ್ಪಾ ಬಿ ಕೂಡ ತಣ್ಣಗಾಗುತ್ತದೆ. ಇಂಥ ವರದಿಗಳು ರಾಶಿ ರಾಶಿ ಇವೆ. ಜಾಹೀರಾತಿನವರು ತೋರಿಸುವುದು ಇದನ್ನೇ.

ತಟ್ಟೆಯಲ್ಲಿ ಹಾಕುವ ಪ್ರಮಾಣ ಎಷ್ಟು ನೋಡಿ. ಸಾಮಾನ್ಯವಾಗಿ 5ರಿಂದ 50 ಮೈಕ್ರೋಮೋಲಾರ್ (ದ್ರವದಲ್ಲಿ ವಸ್ತು ಎಷ್ಟು ಕರಗಿದೆ ಎಂದು ಹೇಳುವ ಅಳತೆ ಇದು). ಮನುಷ್ಯರಿಗೆ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನುಂಗಿಸಿ ರಕ್ತ ಪರೀಕ್ಷಿಸಿದ ತೈವಾನಿನ ಅಧ್ಯಯನ 2001ರಲ್ಲಿ ಬಂತು. ರಕ್ತದಲ್ಲಿ ಸಿಕ್ಕಿದ್ದು ಸರಾಸರಿ ಎರಡು ಮೈಕ್ರೋಮೋಲಾರಿಗಿಂತ ಕಡಿಮೆ. ನಿಮ್ಮ ಕ್ಯಾಪ್ಸೂಲಿನಲ್ಲಿ ಇರುವುದು ಅರ್ಧ ಗ್ರಾಂ. ಅದರಲ್ಲಿ ಮಿದುಳಿಗೆ ಹೋಗಿ ಮುಟ್ಟುವುದು ಎಷ್ಟಿದ್ದೀತು, ನೀವೇ ಅಂದಾಜು ಮಾಡಿ.

ಇಲಿಗಳ ಲೆಕ್ಕವನ್ನೂ ಒಮ್ಮೆ ಮಾಡಿಬಿಡೋಣ. ಪ್ರಯೋಗದ ದೊಡ್ಡ ಇಲಿಗಳಿಗೆ ಒಂದು ಕಿಲೋ ದೇಹದ ತೂಕಕ್ಕೆ 100 ಮಿಲಿಗ್ರಾಂನಂತೆ ಕೊಟ್ಟರು ಅಂತ ಇಟ್ಟುಕೊಳ್ಳಿ. ಇಲಿಯ ಡೋಸನ್ನು ಮನುಷ್ಯರಿಗೆ ಹೊಂದಿಸುವಾಗ ಔಷಧ ಶಾಸ್ತ್ರದಲ್ಲಿ ಸುಮಾರು 6.2ರಿಂದ ಭಾಗಿಸುತ್ತೇವೆ. ಕಿಲೋಗೆ 16 ಮಿಲಿಗ್ರಾಂ ಬಂತು. ನಿಮ್ಮ 96 ಕಿಲೋಗೆ ಗುಣಿಸಿದರೆ ದಿನಕ್ಕೆ ಒಂದೂವರೆ ಗ್ರಾಂ ಶುದ್ಧ ಕರ್ಕ್ಯುಮಿನ್. ಅಷ್ಟನ್ನು ಅರಿಶಿನದ ಪುಡಿಯಿಂದಲೇ ಪಡೆಯಬೇಕಾದರೆ ದಿನಾ 50 ಗ್ರಾಂ ಪುಡಿ ತಿನ್ನಬೇಕು. ಯಾವ ಹೊಟ್ಟೆ ತಡೆದೀತು? ಕ್ಯಾಪ್ಸೂಲ್ ಲೆಕ್ಕದಲ್ಲಿ ದಿನಕ್ಕೆ ಮೂರು. ಡಬ್ಬಿಯ ಮೇಲೆ ಒಂದು ಅಂತ ಬರೆದಿದ್ದರೆ ಇಲಿಯ ಫಲಿತಾಂಶ ತೋರಿಸಿ ಮಾರುವ ಹಕ್ಕು ಅವರಿಗೆ ಎಲ್ಲಿಂದ ಬಂತು?

ಇನ್ನೂ ಒಂದು ತೊಡಕಿದೆ. ಕರ್ಕ್ಯುಮಿನ್ ಪ್ರಯೋಗಾಲಯದ ಪರೀಕ್ಷೆಗಳನ್ನೇ ದಾರಿ ತಪ್ಪಿಸುವ ವಸ್ತು. ತಾನೇ ಬೆಳಕು ಸೂಸುತ್ತದೆ, ಸಿಕ್ಕಸಿಕ್ಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಬೇಗ ಒಡೆದೂ ಹೋಗುತ್ತದೆ. ಹಾಗಾಗಿ ಏನೂ ಆಗದ ಕಡೆಯೂ ಏನೋ ಆದಂತೆ ಕಾಣುತ್ತದೆ. ಔಷಧ ರಸಾಯನ ವಿಜ್ಞಾನಿಗಳು 2017ರಲ್ಲಿ ಇದನ್ನೆಲ್ಲ ಜೋಡಿಸಿ ಒಂದು ದೊಡ್ಡ ವಿಮರ್ಶೆ ಬರೆದರು. ಅಷ್ಟು ಹೊತ್ತಿಗೆ ಮನುಷ್ಯರ ಮೇಲೆ 120ಕ್ಕೂ ಹೆಚ್ಚು ಪ್ರಯೋಗಗಳು ಆಗಿದ್ದವು. ಸರಿಯಾಗಿ ಹೋಲಿಸಿ ನೋಡಿ 'ಗೆದ್ದಿತು' ಎನ್ನಬಹುದಾದದ್ದು ಅವರಿಗೆ ಒಂದೂ ಸಿಗಲಿಲ್ಲ. ಆಮೇಲೆ 2018ರಲ್ಲಿ ಲಾಸ್ ಏಂಜಲೀಸಿನಿಂದ 40 ಜನರ ಮೇಲೆ 18 ತಿಂಗಳು ನಡೆದ ಒಂದು ಅಧ್ಯಯನ ಬಂತು. ಸುಲಭವಾಗಿ ರಕ್ತಕ್ಕೆ ಸೇರುವ ಹಾಗೆ ತಯಾರಿಸಿದ ಕರ್ಕ್ಯುಮಿನ್ ಕೊಟ್ಟಾಗ ನೆನಪಿನ ಪರೀಕ್ಷೆಯಲ್ಲಿ ಅಂಕ ಸುಧಾರಿಸಿತು. ಆಸೆ ಹುಟ್ಟಿಸುವ ಸುದ್ದಿಯೇ. ಆದರೆ 40 ಜನ ಬಹಳ ಕಡಿಮೆ, ಮತ್ತು ಅದು ಬೊಜ್ಜಿನ ಬಿಪಿಯ ಪ್ರಯೋಗವೂ ಆಗಿರಲಿಲ್ಲ.

ಹಾಗಾದರೆ ಕರಿಮೆಣಸಿನ ಸಾರ ಯಾಕೆ ಹಾಕಿದ್ದಾರೆ? ಅದಕ್ಕೆ ಕಾರಣ 1998ರ ಒಂದು ಪ್ರಯೋಗ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪೆರಿನ್ ಕೊಟ್ಟು ನೋಡಿದರು. ಪೈಪೆರಿನ್ ಅಂದರೆ ಮೆಣಸಿನ ಖಾರದ ಅಂಶ. ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಶೇಕಡಾ 2000ದಷ್ಟು ಹೆಚ್ಚಿತು. ಕೇಳೋಕೆ ದೊಡ್ಡ ಸಂಖ್ಯೆ. ಮೊದಲೇ ಇಲ್ಲವೆನ್ನುವಷ್ಟು ಕಡಿಮೆ ಇದ್ದದ್ದು ಸುಮಾರು ಇಪ್ಪತ್ತು ಪಟ್ಟು ಆಯಿತು, ಅಷ್ಟೇ.

ಪೈಪೆರಿನ್ ಇದನ್ನು ಸಾಧಿಸುವುದು ಲಿವರ್ ಮತ್ತು ಕರುಳಿನಲ್ಲಿ ಹೊರಗಿನ ವಸ್ತುಗಳನ್ನು ಒಡೆದು ಹಾಕುವ ವ್ಯವಸ್ಥೆಯನ್ನು ನಿಧಾನ ಮಾಡಿ. ಆ ವ್ಯವಸ್ಥೆ ಕರ್ಕ್ಯುಮಿನ್ನಿಗೆ ಮಾತ್ರ ಇರುವುದಲ್ಲ, ಹಲವು ಮಾತ್ರೆಗಳನ್ನೂ ಅದೇ ನಿಭಾಯಿಸುತ್ತದೆ. ಪ್ರೊಪ್ರನೊಲಾಲ್ ಎಂಬ ಬಿಪಿ ಮಾತ್ರೆಯ ಮಟ್ಟ ಪೈಪೆರಿನ್ ಜೊತೆ ರಕ್ತದಲ್ಲಿ ಏರಿದ್ದು 1991ರಲ್ಲೇ ದಾಖಲಾಗಿದೆ. ಮುಂದೆ ನಿಮಗೆ ಎರಡನೇ ಮಾತ್ರೆ ಸೇರಿಸಿದಾಗ ಈ ಸಾರದ ವಿಷಯ ವೈದ್ಯರಿಗೆ ಗೊತ್ತಿರಲೇಬೇಕು. ರಕ್ತ ತೆಳುಮಾಡುವ ವಾರ್ಫರಿನ್ ತೆಗೆದುಕೊಳ್ಳುವವರಂತೂ ಇಂಥ ಕ್ಯಾಪ್ಸೂಲನ್ನು ಕೇಳದೆ ಮುಟ್ಟಬಾರದು. ಜಾಸ್ತಿ ಸಾಂದ್ರತೆಯ ಅರಿಶಿನ ಕ್ಯಾಪ್ಸೂಲುಗಳಿಂದ ಲಿವರಿಗೆ ಪೆಟ್ಟಾದ ಪ್ರಕರಣಗಳೂ ಅಮೆರಿಕದಲ್ಲಿ ದಾಖಲಾಗಿವೆ. ಅವರಲ್ಲಿ ಹೆಚ್ಚಿನವರಿಗೆ ಒಂದು ನಿರ್ದಿಷ್ಟ ಜೀನ್ ಇತ್ತು. ಆ ಜೀನ್ ನಿಮಗೆ ಇದೆಯೋ ಇಲ್ಲವೋ, ಹೊರಗಿನಿಂದ ನೋಡಿ ಹೇಳುವ ಹಾಗಿಲ್ಲ. ಅಡುಗೆಗೆ ಹಾಕುವ ಅರಿಶಿನ, ಮೆಣಸಿನ ಬಗ್ಗೆ ನಾನು ಹೇಳುತ್ತಿಲ್ಲ. ಅದನ್ನು ನಿಶ್ಚಿಂತೆಯಿಂದ ತಿನ್ನಿ.

ಬ್ರಾಹ್ಮಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಈ ಹೆಸರಿನಲ್ಲಿ ಎರಡು ಬೇರೆ ಬೇರೆ ಗಿಡಗಳಿವೆ. ಒಂದು ನೀರುಬ್ರಾಹ್ಮಿ, ಇನ್ನೊಂದು ಒಂದೆಲಗ. ಡಬ್ಬಿಯಲ್ಲಿ ಯಾವುದಿದೆ ಅಂತ ಸಸ್ಯಶಾಸ್ತ್ರದ ಹೆಸರು ಬರೆಯದೆ ತಿಳಿಯುವುದಿಲ್ಲ. ನೀರುಬ್ರಾಹ್ಮಿಯ ಸಾರವನ್ನು ದಿನಕ್ಕೆ 300 ಮಿಲಿಗ್ರಾಮಿನಂತೆ 12 ವಾರ ಕೊಟ್ಟ ಸಣ್ಣ ಪ್ರಯೋಗಗಳಲ್ಲಿ ನೆನಪು ಸ್ವಲ್ಪ ಸುಧಾರಿಸಿದ ವರದಿಗಳಿವೆ. ಬಿಪಿ ಇಳಿಸಲು ಅದನ್ನು ಮಾತ್ರೆಯ ಬದಲು ಬಳಸುವಷ್ಟು ಆಧಾರ ಇಲ್ಲ.

ಈಗ ಜೇಷ್ಠಮಧು. ಮೊದಲು ಹೇಳಿದೆನಲ್ಲ, ಬಿಪಿ ಏರಿಸುವ ಪದಾರ್ಥ ಅಂತ, ಅದು ಇದೇ.

ಇದರ ಸಿಹಿಗೆ ಕಾರಣ ಗ್ಲೈಸಿರೈಜಿನ್. ಇದು ಉರಿಯೂತದ ಒಂದು ಮುಖ್ಯ ಸಂಕೇತ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಸುಮ್ಮನಾಗಿಸುತ್ತದೆ. ಪಾರ್ಶ್ವವಾಯು ಬರಿಸಿದ ಇಲಿಗಳಲ್ಲಿ ಮಿದುಳಿನ ಹಾನಿ ಕಡಿಮೆ ಮಾಡಿದ್ದೂ ನಿಜ. ಹಾಗಾಗಿ 'ಮಿದುಳಿನ ಉರಿಯೂತಕ್ಕೆ' ಎಂಬ ಡಬ್ಬಿಗೆ ಅದು ಸೇರಿಕೊಂಡಿದೆ. ಆದರೆ ಅದೇ ವಸ್ತು ಕಿಡ್ನಿಯಲ್ಲಿ ಬೇರೆಯೇ ಕೆಲಸ ಮಾಡುತ್ತದೆ. ನಮ್ಮ ಮೈಯಲ್ಲಿ ಸದಾ ಹರಿಯುವ ಕಾರ್ಟಿಸಾಲ್ ಹಾರ್ಮೋನು ಕಿಡ್ನಿಗೆ 'ಉಪ್ಪು ಉಳಿಸಿಕೋ' ಅಂತ ಆಜ್ಞೆ ಕೊಡಬಲ್ಲದು. ಹಾಗಾಗದ ಹಾಗೆ ಕಿಡ್ನಿಯಲ್ಲಿ ಒಂದು ಕಿಣ್ವ ಕಾವಲು ಕಾಯುತ್ತದೆ, ಕಾರ್ಟಿಸಾಲನ್ನು ಅಲ್ಲೇ ನಿಷ್ಕ್ರಿಯ ಮಾಡುತ್ತದೆ. ಜೇಷ್ಠಮಧು ಈ ಕಾವಲುಗಾರನನ್ನೇ ಕಟ್ಟಿಹಾಕುತ್ತದೆ. ಉಪ್ಪು ಉಳಿಯುತ್ತದೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಬಿಪಿ ಏರುತ್ತದೆ.

ಎಷ್ಟು ತಿಂದರೆ ಹೀಗೆ? ಸ್ವೀಡನ್ನಿನ ಲಿಂಚೋಪಿಂಗ್ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 18ರಿಂದ 30 ವರ್ಷದ 28 ಆರೋಗ್ಯವಂತರು ಇದ್ದರು. ಎರಡು ವಾರ ದಿನಕ್ಕೆ 100 ಮಿಲಿಗ್ರಾಂ ಗ್ಲೈಸಿರೈಜಿನ್ ಆಮ್ಲ ಇರುವಷ್ಟು ಜೇಷ್ಠಮಧು ತಿಂದರು. ಮೇಲಿನ ಬಿಪಿ ಸರಾಸರಿ 3.1 ಏರಿತು. ಅವರು ಎಳೆಯ ವಯಸ್ಸಿನವರು, ಬಿಪಿ ಇಲ್ಲದವರು. ಬಿಪಿ ಇರುವ 48ರವರಿಗೆ ನಾನು ಅದನ್ನು ಕೊಡಲಾರೆ.

ನನ್ನ ಬಳಿ ಬಂದ ಒಬ್ಬರು ಹೆಂಗಸಿನ ನೆನಪಾಗುತ್ತದೆ. ಮೂರು ಮಾತ್ರೆ ಕೊಟ್ಟರೂ ಬಿಪಿ 160ರಿಂದ ಇಳಿಯುತ್ತಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 2.9, ತೀರಾ ಕಡಿಮೆ. ಕಾಲಿನ ಮೀನಖಂಡ ರಾತ್ರಿ ಹಿಡಿದುಕೊಳ್ಳುತ್ತದೆ ಅಂದರು. ಹಾರ್ಮೋನಿನ ಗಡ್ಡೆ ಇರಬಹುದೇ ಅಂತ ದುಬಾರಿ ಪರೀಕ್ಷೆ ಬರೆಯಲು ಪೆನ್ನು ತೆಗೆದಿದ್ದೆ. 'ಮಾತ್ರೆ ಬಿಟ್ಟು ಬೇರೆ ಏನಾದರೂ ತಗೊಳ್ತೀರಾ ಅಮ್ಮ?' ಅಂತ ಮತ್ತೊಮ್ಮೆ ಕೇಳಿದೆ. 'ಔಷಧಿ ಏನಿಲ್ಲ ಡಾಕ್ಟ್ರೇ, ಗಂಟಲಿಗೆ ಅಂತ ಒಂದು ಪುಡಿ, ಬೆಳಿಗ್ಗೆ ಸಂಜೆ' ಅಂದರು. ಚೀಲದಿಂದ ತೆಗೆದು ತೋರಿಸಿದರು. ನಾಲಿಗೆಗೆ ಒಂದು ಚೂರು ಹಚ್ಚಿಕೊಂಡೆ. ಅದೇ ಸಿಹಿ. ನಿಲ್ಲಿಸಿದ ಕೆಲವು ವಾರಗಳಲ್ಲಿ ಪೊಟ್ಯಾಸಿಯಂ ತಾನಾಗಿ ಮೇಲೆ ಬಂತು, ಒಂದು ಮಾತ್ರೆಯನ್ನೂ ಕಡಿಮೆ ಮಾಡಿದೆ. ಅವರ ಲೆಕ್ಕದಲ್ಲಿ ಅದು ಔಷಧಿಯೇ ಆಗಿರಲಿಲ್ಲ. ಅಂದಿನಿಂದ ನಾನು 'ಪುಡಿ, ಕಷಾಯ, ಕ್ಯಾಪ್ಸೂಲ್ ಏನಾದರೂ?' ಅಂತ ಹೆಸರು ಹಿಡಿದೇ ಕೇಳುತ್ತೇನೆ.

ಬಿಪಿ ಮತ್ತು ಮಿದುಳು ಎರಡನ್ನೂ ಒಟ್ಟಿಗೆ ನೋಡಿದ ದೊಡ್ಡ ಗಿಡಮೂಲಿಕೆ ಪ್ರಯೋಗ ಒಂದಾದರೂ ಆಗಿದೆಯಾ ಅಂತ ನೀವು ಕೇಳಬಹುದು. ಆಗಿದೆ. ಗಿಂಕ್ಗೊ ಮರದ ಎಲೆಯ ಸಾರದ್ದು. 75 ದಾಟಿದ 3069 ಜನ, ದಿನಕ್ಕೆ ಎರಡು ಸಲ 120 ಮಿಲಿಗ್ರಾಂ, ಸುಮಾರು ಆರು ವರ್ಷ. 2008ರಲ್ಲಿ ಫಲಿತಾಂಶ ಬಂತು, ಮರೆವಿನ ಕಾಯಿಲೆ ಕಡಿಮೆ ಆಗಲಿಲ್ಲ. ಅದೇ ಜನರ ಬಿಪಿಯನ್ನು ಬೇರೆಯಾಗಿ ನೋಡಿದಾಗ ಅದೂ ಇಳಿದಿರಲಿಲ್ಲ. ಗಿಂಕ್ಗೊ ಕೂಡ ಪ್ರಯೋಗಾಲಯದಲ್ಲಿ ಉರಿಯೂತ ಇಳಿಸುವ ಗಿಡವೇ.

ಆಹಾರದ ರೂಪದಲ್ಲಿ ಗಿಡಗಳ ಕಥೆ ಇದಕ್ಕಿಂತ ಎಷ್ಟೋ ಚೆನ್ನಾಗಿದೆ. ಇಲ್ಲಿ ಬಿಪಿಯನ್ನು ಅಳೆದೇ ನೋಡಿದ್ದಾರೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು ಬಿಪಿ ಇರುವವರಿಗೆ ದಿನಕ್ಕೆ 250 ಮಿಲಿಲೀಟರ್ ಬೀಟ್ರೂಟ್ ರಸವನ್ನು ನಾಲ್ಕು ವಾರ ಕೊಟ್ಟರು. 24 ಗಂಟೆ ಅಳೆದ ಬಿಪಿ ಸರಾಸರಿ 7.7/5.2 ಇಳಿಯಿತು. ಬೀಟ್ರೂಟಿನ ನೈಟ್ರೇಟ್ ಮೈಯಲ್ಲಿ ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳ ಸಡಿಲಿಸುತ್ತದೆ, ಮಿದುಳಿನ ಉರಿಯೂತದ ಮಾತೇ ಅಲ್ಲಿಲ್ಲ. ರಸ ನಿಲ್ಲಿಸಿದ ಮೇಲೆ ಬಿಪಿ ಮತ್ತೆ ಏರಿತು. ಪುಂಡಿ ಜಾತಿಯ ಕೆಂಪು ದಾಸವಾಳದ ಚಹಾ ದಿನಕ್ಕೆ ಮೂರು ಲೋಟದಂತೆ ಆರು ವಾರ ಕುಡಿದವರಲ್ಲಿ ಮೇಲಿನ ಬಿಪಿ 7.2 ಇಳಿದರೆ, ಹೋಲಿಕೆಯ ಪಾನೀಯ ಕುಡಿದವರಲ್ಲಿ 1.3 ಮಾತ್ರ ಇಳಿಯಿತು. ಇದು 2010ರ, 65 ಜನರ ಪ್ರಯೋಗ.

ಎಲ್ಲಕ್ಕಿಂತ ಗಟ್ಟಿಯಾದದ್ದು 1997ರ ಡ್ಯಾಶ್ ಎಂಬ ಆಹಾರ ಕ್ರಮದ ಪ್ರಯೋಗ. 459 ಜನ. ತರಕಾರಿ, ಹಣ್ಣು, ಕಾಳು, ಇಡೀ ಧಾನ್ಯ, ಕೊಬ್ಬು ಕಡಿಮೆ ಇರುವ ಹಾಲು ಮೊಸರು ಜಾಸ್ತಿ. ಕೆಂಪು ಮಾಂಸ, ಸಿಹಿ ಕಡಿಮೆ. ಬಿಪಿ ಇದ್ದವರಲ್ಲಿ ಎಂಟು ವಾರಕ್ಕೆ 11.4/5.5 ಇಳಿಯಿತು. ಒಂದು ಮಾತ್ರೆಯಷ್ಟು ಬಲ ಅದು! ತೂಕ ಏರದಂತೆ, ಇಳಿಯದಂತೆ ನೋಡಿಕೊಂಡೇ ಇಷ್ಟು ಸಿಕ್ಕಿತು. ತೂಕವೂ ಇಳಿದರೆ ಅದರ ಲಾಭ ಬೇರೆ.

ಆ ಲಾಭ ಒಂದು ಕಿಲೋಗೆ ಸುಮಾರು ಒಂದು ಅಂಕಿ. ನೀವು ಐದು ಕಿಲೋ ಇಳಿಸಿದರೆ ಮೇಲಿನ ಬಿಪಿ ಐದರಷ್ಟು ಇಳಿಯುವ ನಿರೀಕ್ಷೆ ಇಟ್ಟುಕೊಳ್ಳಬಹುದು. ಕಿಡ್ನಿಯ ಮೇಲಿನ ಒತ್ತಡ, ಲೆಪ್ಟಿನ್, ಕೊಬ್ಬಿನಿಂದ ಬರುವ ಉರಿಯೂತದ ರಾಸಾಯನಿಕ, ಮೂರೂ ಒಟ್ಟಿಗೆ ಇಳಿಯುತ್ತವೆ. ಆಹಾರ, ನಡಿಗೆಯಿಂದ ಎಷ್ಟು ಪ್ರಯತ್ನಿಸಿದರೂ ಆಗುತ್ತಿಲ್ಲ ಅಂದರೆ ಅದು ನಿಮ್ಮ ಸೋಲು ಅಂತ ತಿಳಿಯಬೇಡಿ. ಎತ್ತರಕ್ಕೆ ತೂಕ ಎಷ್ಟಿದೆ ಎಂದು ಹೇಳುವ ಬಿಎಂಐ ನಿಮ್ಮದು 34. ಈ ಮಟ್ಟದಲ್ಲಿ ಔಷಧದ ಸಹಾಯ ಕೇಳುವುದು ನ್ಯಾಯವಾದದ್ದೇ. 2021ರಲ್ಲಿ ಪ್ರಕಟವಾದ, ಸೆಮಾಗ್ಲುಟೈಡ್ ಎಂಬ ತೂಕ ಇಳಿಸುವ ಔಷಧದ ಪ್ರಯೋಗದಲ್ಲಿ 68 ವಾರಕ್ಕೆ ತೂಕ ಶೇಕಡಾ 15ರಷ್ಟು, ಮೇಲಿನ ಬಿಪಿ ಸುಮಾರು 6 ಇಳಿಯಿತು. ನಿಮಗೆ ಅದು ಸೂಕ್ತವೇ ಎಂದು ನಿಮ್ಮನ್ನು ನೋಡಿದ ವೈದ್ಯರು ತೀರ್ಮಾನಿಸಲಿ.

ಇನ್ನು ನಿಮ್ಮ 148/94. ಇದು ನಿಜವಾದ ಅಂಕಿಯೇ ಅಂತ ಮೊದಲು ನೋಡಿಕೊಳ್ಳಿ. ತೂಕ ಇರುವವರಲ್ಲಿ ನಾನು ದಿನಾ ಕಾಣುವ ತಪ್ಪು ಇದು: ದಪ್ಪ ತೋಳಿಗೆ ಚಿಕ್ಕ ಪಟ್ಟಿ. ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೆ ನಿಜವಾಗಿ ಇಲ್ಲದ ಬಿಪಿಯನ್ನು ಯಂತ್ರ ತೋರಿಸುತ್ತದೆ. 2023ರ ಒಂದು ಅಧ್ಯಯನದಲ್ಲಿ ಅತಿ ದೊಡ್ಡ ಪಟ್ಟಿ ಬೇಕಿದ್ದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದಾಗ ಮೇಲಿನ ಬಿಪಿ 19.5 ಜಾಸ್ತಿ ತೋರಿಸಿತು. ದೊಡ್ಡ ಪಟ್ಟಿ ಬೇಕಿದ್ದವರಲ್ಲಿ 4.8 ಜಾಸ್ತಿ. ಭುಜಕ್ಕೂ ಮೊಣಕೈಗೂ ನಡುವೆ ಟೇಪು ಸುತ್ತಿ ತೋಳಿನ ಸುತ್ತಳತೆ ನೋಡಿ. 34 ಸೆಂಟಿಮೀಟರ್ ದಾಟಿದ್ದರೆ ನಿಮಗೆ ದೊಡ್ಡ ಪಟ್ಟಿ ಬೇಕು. ಆಮೇಲೆ ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೂರಿ, ಮಾತಾಡದೆ ಅಳೆಯಿರಿ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಒಂದು ವಾರ. ಬರೆದಿಡಿ.

ಆ ಹಾಳೆಯಲ್ಲೂ ಬಿಪಿ ಮೇಲೆಯೇ ಇದ್ದರೆ ಚಿಂತೆ ಬೇಡ. ಟೆಲ್ಮಿಸಾರ್ಟನ್ 80ರವರೆಗೆ ಏರಿಸಬಹುದು, ಜೊತೆಗೆ ಇನ್ನೊಂದು ಗುಂಪಿನ ಮಾತ್ರೆ ಸೇರಿಸಬಹುದು. ಇದನ್ನು ನೀವಾಗಿ ಮಾಡಬೇಡಿ, ಹಾಳೆ ಹಿಡಿದು ವೈದ್ಯರ ಹತ್ತಿರ ಹೋಗಿ. ಅಡುಗೆಗೆ ಉಪ್ಪು ಕಡಿಮೆ ಮಾಡಿ. ಆದರೆ ಪೊಟ್ಯಾಸಿಯಂ ಸೇರಿಸಿದ 'ಕಡಿಮೆ ಸೋಡಿಯಂ' ಉಪ್ಪನ್ನು ಕೇಳದೆ ಬಳಸಬೇಡಿ. ಟೆಲ್ಮಿಸಾರ್ಟನ್ ತಾನೇ ಪೊಟ್ಯಾಸಿಯಂ ಉಳಿಸುವ ಮಾತ್ರೆ, ಎರಡೂ ಸೇರಿದರೆ ಮಟ್ಟ ಅಪಾಯಕ್ಕೆ ಏರಬಹುದು. ಬೀಟ್ರೂಟ್ ರಸವನ್ನು ದಿನಾ ಕುಡಿಯುವ ಯೋಚನೆ ಇದ್ದರೂ ಕಿಡ್ನಿ ಪರೀಕ್ಷೆ ಆದ ಮೇಲೆ ಶುರು ಮಾಡಿ.

ಕೊನೆಗೆ ನಿಮ್ಮ ಮರೆವು. ಇದು ಮಿದುಳಿನ ಉರಿಯೂತವೇ ಎಂದು ತಿಳಿಯುವ ಪರೀಕ್ಷೆ ರೋಗಿಗಳಿಗೆ ಇನ್ನೂ ಬಂದಿಲ್ಲ. ಸಂಶೋಧನೆಗೆ ಬಳಸುವ ಸ್ಕ್ಯಾನುಗಳಿವೆ, ಅವು ಒಬ್ಬೊಬ್ಬರಿಗೆ ಉತ್ತರ ಕೊಡುವಷ್ಟು ಸ್ಪಷ್ಟವಾಗಿಲ್ಲ. ಆ ಹೆಸರಿನಲ್ಲಿ ಯಾರಾದರೂ ಎಂಆರ್‌ಐ ಮಾಡಿಸಿ ಅಂದರೆ ಯಾಕೆ ಅಂತ ಕೇಳಿ. ಮಿದುಳನ್ನು ಕಾಪಾಡುವ ವಿಷಯದಲ್ಲಿ ಸಾಕ್ಷಿ ಇರುವುದು ಬಿಪಿ ಇಳಿಸುವುದಕ್ಕೆ. 9361 ಜನರ ಸ್ಪ್ರಿಂಟ್ ಪ್ರಯೋಗದಲ್ಲಿ ಮೇಲಿನ ಬಿಪಿಯನ್ನು 120ರ ಕೆಳಗೆ ತರಲು ಗುರಿ ಇಟ್ಟವರಲ್ಲಿ, 140ರ ಗುರಿ ಇದ್ದವರಿಗಿಂತ, ನೆನಪಿನ ಆರಂಭದ ಕುಂದು ಶೇಕಡಾ 19 ಕಡಿಮೆ ಆಯಿತು. ಅದು 2019ರಲ್ಲಿ ಪ್ರಕಟವಾಯಿತು. ಅದನ್ನು ಸಾಧಿಸಿದ್ದು ನೀವು ಬಿಡಬೇಕೆಂದಿರುವಂಥ ಸಾಮಾನ್ಯ ಮಾತ್ರೆಗಳೇ.

ಮಿದುಳಿಗೆ ಒಳ್ಳೆಯದೆಂದು ಹೆಸರಾದ ಮೈಂಡ್ ಎಂಬ ಆಹಾರ ಕ್ರಮವನ್ನು ತೂಕ ಜಾಸ್ತಿ ಇರುವ 604 ಜನರಲ್ಲಿ ಮೂರು ವರ್ಷ ಪರೀಕ್ಷಿಸಿದ್ದಾರೆ. 2023ರಲ್ಲಿ ಬಂದ ಫಲಿತಾಂಶದಲ್ಲಿ ಆ ಆಹಾರ ತಿಂದವರಿಗೂ ತಮ್ಮ ಮಾಮೂಲಿ ಊಟವನ್ನೇ ಮಿತವಾಗಿ ತಿಂದವರಿಗೂ ನೆನಪಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎರಡು ಗುಂಪಿನವರೂ ಸುಮಾರು ಐದು ಕಿಲೋ ಇಳಿಸಿದ್ದರು, ಎರಡು ಗುಂಪಿನಲ್ಲೂ ಅಂಕಗಳು ಸುಧಾರಿಸಿದ್ದವು.

ನಿಮ್ಮ ಪತ್ರದಲ್ಲಿ ನನ್ನ ಗಮನ ಹೋದದ್ದು 'ಮಧ್ಯಾಹ್ನ ತಲೆ ಮಂಕು' ಎಂಬ ಮಾತಿಗೆ. ಬೊಜ್ಜು, ಮಾತ್ರೆಗೆ ಬಗ್ಗದ ಬಿಪಿ, ಹಗಲಿನ ಮಂಕು, ಮೂರೂ ಒಬ್ಬರಲ್ಲೇ ಕಂಡರೆ ನಾನು ಮೊದಲು ಕೇಳುವುದು ನಿದ್ದೆಯ ಬಗ್ಗೆ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಂತು ನಿಂತು ಬರುವ ಕಾಯಿಲೆ ಇದೆ, ಸ್ಲೀಪ್ ಅಪ್ನಿಯಾ. ಪ್ರತಿ ಸಲ ಉಸಿರು ನಿಂತಾಗಲೂ ಮಿದುಳು ಬೆಚ್ಚಿ ನರಗಳನ್ನು ಎಬ್ಬಿಸುತ್ತದೆ, ಬಿಪಿ ಜಿಗಿಯುತ್ತದೆ. ಬೆಳಿಗ್ಗೆ ನೆನಪಿರುವುದಿಲ್ಲ. ಇದಕ್ಕೆ ಮನೆಯಲ್ಲೇ ರಾತ್ರಿ ಹಾಕಿಕೊಳ್ಳುವ ಸಣ್ಣ ಯಂತ್ರದ ಪರೀಕ್ಷೆ ಇದೆ, ಒಳ್ಳೆಯ ಚಿಕಿತ್ಸೆಯೂ ಇದೆ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಬಿಪಿ ಬರೆದ ಹಾಳೆ, ಆ ಕ್ಯಾಪ್ಸೂಲಿನ ಡಬ್ಬಿ ಎರಡನ್ನೂ ತೆಗೆದುಕೊಂಡು ಹೋಗಿ. ಜೊತೆಗೆ ಅದೇ ಕೋಣೆಯಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಿ. ಗೊರಕೆ ನಡುವೆ ನಿಂತು, ಸ್ವಲ್ಪ ಹೊತ್ತು ಸದ್ದೇ ಇಲ್ಲದೆ, ಆಮೇಲೆ ದೊಡ್ಡ ಏದುಸಿರಿನೊಂದಿಗೆ ಮತ್ತೆ ಶುರುವಾಗುತ್ತದಾ ಅಂತ ಹೇಳಬಲ್ಲವರು ಅವರು ಮಾತ್ರ.